ಲಿನಕ್ಸ್ ಕೈಕೊಟ್ಟಾಗ: ಫಾರ್ಮ್ಯಾಟ್ ಹೊಡೆಯುವ ಮೊದಲು ನೋಡಬೇಕಾದ್ದು

ಕಂಪ್ಯೂಟರ್ ಸ್ವಲ್ಪ ಹಟ ಮಾಡಿದರೆ ಸಾಕು, ದಾವಣಗೆರೆಯಲ್ಲಿ ಮೊದಲು ಸಿಗುವ ಸಲಹೆ ‘ಫಾರ್ಮ್ಯಾಟ್ ಹೊಡೆಸಿಬಿಡಿ ಸಾರ್’. ವಿಂಡೋಸ್ ಕಾಲದಿಂದ ಬಂದ ಅಭ್ಯಾಸ ಇದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹತ್ತದ ಹಳೇ ಮಷಿನ್‌ಗಳಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಸಿಸ್ಟಂನ ಬಗೆಗಳಾದ ಉಬುಂಟು, ಲಿನಕ್ಸ್ ಮಿಂಟ್ ಹಾಕಿಕೊಂಡವರು ಈಗ ನಮ್ಮ ಕಡೆಯೂ ಸಿಗುತ್ತಾರೆ. ಜೆರಾಕ್ಸ್ ಅಂಗಡಿ, ಟ್ಯೂಷನ್ ಕ್ಲಾಸು, ಮಂಡಿಪೇಟೆಯ ಲೆಕ್ಕದ ಟೇಬಲ್ಲು, ಚಿತ್ರದುರ್ಗದ ವಕೀಲರ ಆಫೀಸು, ಹೀಗೆ. ಸಿಸ್ಟಂ ಬದಲಾದರೂ ಫಾರ್ಮ್ಯಾಟ್ ಚಾಳಿ ಮಾತ್ರ ಬಿಟ್ಟಿಲ್ಲ.

ಲಿನಕ್ಸ್‌ನಲ್ಲಿ ಅದರ ಅಗತ್ಯ ಬೀಳುವುದು ಅಪರೂಪ. ಏನು ಕೆಟ್ಟಿದೆ ಅಂತ ಅದು ಹೆಚ್ಚಿನ ಸಲ ತಾನೇ ಹೇಳುತ್ತದೆ, ಲಾಗ್‌ನಲ್ಲಿ (ಸಿಸ್ಟಂ ತಾನೇ ಬರೆಯುವ ದಿನಚರಿ) ಬರೆದೂ ಇಡುತ್ತದೆ. ನಾವು ಓದುವುದಿಲ್ಲ ಅಷ್ಟೆ. ಈ ಬರಹ ಉಬುಂಟು ಮತ್ತು ಮಿಂಟ್ ಬಳಸುವವರಿಗೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ‘ಸುಡೋ’ ಅಂದರೆ ಎಸ್, ಯು, ಡಿ, ಒ, ಪೂರ್ತಿ ಅಧಿಕಾರದಿಂದ ಕಮಾಂಡ್ ಓಡಿಸಲು. ‘ಆಪ್ಟ್’ ಅಂದರೆ ಎ, ಪಿ, ಟಿ, ಪ್ಯಾಕೇಜ್ (ಪ್ರೋಗ್ರಾಂ ಗಂಟು) ಹಾಕಲು, ತೆಗೆಯಲು. ಅಡ್ಡಗೆರೆ, ಓರೆಗೆರೆ, ಖಾಲಿ ಜಾಗ ಇಲ್ಲಿರುವಂತೆಯೇ ಇರಬೇಕು. ಸುಡೋ ಪಾಸ್‌ವರ್ಡ್ ಕೇಳಿದಾಗ ನೀವು ಒತ್ತಿದ ಅಕ್ಷರ ಪರದೆ ಮೇಲೆ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ಒತ್ತಿ ಎಂಟರ್ ಹೊಡೆಯಿರಿ.

ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

‘ಕಂಪ್ಯೂಟರ್ ಆನ್ ಆಗ್ತಿಲ್ಲ’ ಅನ್ನುವ ಒಂದೇ ಮಾತಿನಲ್ಲಿ ಐದಾರು ಬೇರೆ ಬೇರೆ ತೊಂದರೆ ಇರುತ್ತವೆ. ಸ್ವಿಚ್ ಒತ್ತಿದ ಮೇಲೆ ಕಂಪನಿ ಲೋಗೋ ಬರುತ್ತದೆ. ಆಮೇಲೆ ಯಾವ ಸಿಸ್ಟಂ ಏಳಬೇಕು ಅಂತ ಆರಿಸುವ ಗ್ರಬ್ ಎಂಬ ಮೆನು ಬರುತ್ತದೆ, ಇಲ್ಲವೇ ಅಡಗಿಕೊಂಡೇ ದಾಟುತ್ತದೆ. ಆಮೇಲೆ ಸಿಸ್ಟಂನ ತಿರುಳಾದ ಕರ್ನಲ್ ಎದ್ದು ಡಿಸ್ಕ್ ಹುಡುಕುತ್ತದೆ. ಆಮೇಲೆ ಲಾಗಿನ್, ಕೊನೆಗೆ ಡೆಸ್ಕ್‌ಟಾಪ್. ಲೋಗೋನೇ ಬರದಿದ್ದರೆ ಅದು ಲಿನಕ್ಸ್ ವಿಷಯವೇ ಅಲ್ಲ. ರ‍್ಯಾಮ್ ಕಡ್ಡಿ, ಎಸ್‌ಎಂಪಿಎಸ್, ಕೇಬಲ್ ನೋಡಿ. ಲೋಗೋ ಬಂದು ಮುಂದೆ ನಿಂತಿದ್ದರೆ ಯಾವ ಹಂತದಲ್ಲಿ ನಿಂತಿತು, ಪರದೆ ಮೇಲೆ ಕೊನೆಯ ಸಾಲು ಏನಿತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ: ನಿನ್ನೆ ಸರಿ ಇತ್ತು, ಇವತ್ತಿಲ್ಲ ಅಂದರೆ ನಡುವೆ ಏನು ಬದಲಾಯಿತು? ಅಪ್‌ಡೇಟ್ ಮಾಡಿದಿರಾ, ಹೊಸ ಡಾಂಗಲ್ ಹಾಕಿದಿರಾ, ಕರೆಂಟ್ ಹೋಯಿತಾ? ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಕೈಯಲ್ಲಿ ಮೂರು ಸಾಧನ ಇರಲಿ. ಒಂದು, ಲಿನಕ್ಸ್ ಹಾಕುವಾಗ ಬಳಸಿದ ಪೆನ್‌ಡ್ರೈವ್. ಅದನ್ನು ಅಳಿಸಬೇಡಿ, ಅದರಿಂದಲೇ ಬೂಟ್ ಮಾಡಿ ಒಳಗಿನ ಫೈಲ್‌ಗಳನ್ನು ನೋಡಬಹುದು, ನಕಲು ಮಾಡಿಕೊಳ್ಳಬಹುದು. ಎರಡು, ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರುವ ಕಪ್ಪು ಲಾಗಿನ್. ಡೆಸ್ಕ್‌ಟಾಪ್ ಕೆಟ್ಟಿದ್ದರೂ ಇದು ಬಹಳ ಸಲ ನಡೆಯುತ್ತದೆ. ವಾಪಸ್ ಬರಲು ಉಬುಂಟುವಿನಲ್ಲಿ ಎಫ್1 ಅಥವಾ ಎಫ್2, ಮಿಂಟ್‌ನಲ್ಲಿ ಎಫ್7. ಮೂರು, ರಿಕವರಿ ಮೋಡ್. ಕಂಪ್ಯೂಟರ್ ಏಳುವಾಗ, ಮದರ್‌ಬೋರ್ಡ್‌ನ ಆರಂಭದ ಪ್ರೋಗ್ರಾಂ ಹಳೇ ಬಯಾಸ್ ಆಗಿದ್ದರೆ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್‌ಐ ಇದ್ದರೆ ಎಸ್ಕೇಪ್ ಒತ್ತಿ. ಗ್ರಬ್ ಮೆನು ಬರುತ್ತದೆ, ಅದರಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋಗಿ. ಹಳೆಯ ಕರ್ನಲ್‌ಗಳೂ ಇಲ್ಲೇ ಇರುತ್ತವೆ. ಅಪ್‌ಡೇಟ್ ಆದ ಮೇಲೆ ವೈಫೈಯೋ ಡಿಸ್‌ಪ್ಲೇಯೋ ಹೋಗಿದ್ದರೆ ಸುಮ್ನೆ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ ನೋಡಿ. ಸರಿಹೋದರೆ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು, ಮುಂದಿನ ಅಪ್‌ಡೇಟ್ ಬರುವವರೆಗೆ ಅದರಲ್ಲೇ ಕೆಲಸ ಮಾಡಿ.

ಕರೆಂಟ್ ಹೋಗಿ ಬಂದ ಮೇಲೆ

ನಮ್ಮ ಊರುಗಳಲ್ಲಿ ಡೆಸ್ಕ್‌ಟಾಪ್‌ಗೆ ಅತಿ ಹೆಚ್ಚು ಏಟು ಬೀಳುವುದು ಇಲ್ಲಿ. ಯುಪಿಎಸ್ ಇರುತ್ತದೆ, ಅದರ ಬ್ಯಾಟರಿ ಸತ್ತು ಕಾಲವಾಗಿರುತ್ತದೆ. ಡಿಸ್ಕ್‌ಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ಮಂಡಿಯ ಕಿರ್ದಿಯಲ್ಲಿ ಜಮಾ ಬರೆದು ಖರ್ಚು ಬರೆಯದೆ ಎದ್ದುಹೋದಂತೆ ಲೆಕ್ಕ ತಾಳೆಯಾಗುವುದಿಲ್ಲ. ಇಎಕ್ಸ್‌ಟಿ4 ಫೈಲ್ ಸಿಸ್ಟಂ ಜರ್ನಲ್ (ಬದಲಾವಣೆಗಳ ಕಿರ್ದಿ) ಇಟ್ಟುಕೊಂಡು ಬಹುಪಾಲು ತಾನೇ ಸರಿಮಾಡಿಕೊಳ್ಳುತ್ತದೆ. ಆಗದಿದ್ದಾಗ ಕಪ್ಪು ಪರದೆಯಲ್ಲಿ ‘ಬಿಜಿಬಾಕ್ಸ್’ ಅಂತ ಬಂದು, ಕೆಳಗೆ ಆವರಣದಲ್ಲಿ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಅಂತ ನಿಂತುಬಿಡುತ್ತದೆ. ಇದನ್ನು ನೋಡಿ ಹಾರ್ಡ್‌ಡಿಸ್ಕ್ ಹೋಯಿತು ಅಂದುಕೊಳ್ಳುವವರು ಜಾಸ್ತಿ.

ಹೀಗೆ ಮಾಡಿ. ಅಲ್ಲೇ ‘ಎಕ್ಸಿಟ್’ ಅಂತ ಹೊಡೆದು ಎಂಟರ್ ಒತ್ತಿ. ಯಾವ ಪಾರ್ಟಿಷನ್‌ಗೆ (ಡಿಸ್ಕಿನ ಭಾಗ) ಕೈಯಾರೆ ಎಫ್‌ಎಸ್‌ಸಿಕೆ (ತಪ್ಪು ಹುಡುಕಿ ಸರಿಮಾಡುವ ಕಮಾಂಡ್) ಬೇಕು ಅಂತ ಅದು ಹೆಸರು ಹೇಳುತ್ತದೆ, ಉದಾಹರಣೆಗೆ ‘/ಡೆವ್/ಎಸ್‌ಡಿಎ2’. ಆ ಹೆಸರನ್ನೇ ಹಾಕಿ ‘ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2’ ಅಂತ ಕೊಡಿ. ಸಾಲು ಸಾಲಾಗಿ ಓಡುತ್ತದೆ, ನಡುವೆ ಕೈಹಾಕಬೇಡಿ. ದೊಡ್ಡ ಡಿಸ್ಕ್ ಆದರೆ ಒಂದು ಬೆಣ್ಣೆ ದೋಸೆ ತಿಂದು ಬನ್ನಿ. ಮುಗಿದ ಮೇಲೆ ಮತ್ತೆ ‘ಎಕ್ಸಿಟ್’. ಸಾಮಾನ್ಯವಾಗಿ ಸಿಸ್ಟಂ ಏಳುತ್ತದೆ.

ಎಚ್ಚರ ಎರಡು. ಡೆಸ್ಕ್‌ಟಾಪ್ ನಡೆಯುತ್ತಿರುವಾಗ, ಅಂದರೆ ಪಾರ್ಟಿಷನ್ ಮೌಂಟ್ ಆಗಿರುವಾಗ, ಎಫ್‌ಎಸ್‌ಸಿಕೆ ಓಡಿಸಲೇಬಾರದು. ಇದ್ದದ್ದೂ ಕೆಡುತ್ತದೆ. ಎರಡನೆಯದು, ವಾರದಲ್ಲಿ ಮತ್ತೆ ಮತ್ತೆ ಇದೇ ಪರದೆ ಬಂದರೆ ತಪ್ಪು ಕರೆಂಟಿನದಲ್ಲ, ಡಿಸ್ಕಿನದೇ ಇರಬಹುದು. ‘ಡಿಸ್ಕ್ಸ್’ ಅನ್ನುವ ಅಪ್ಲಿಕೇಷನ್ ತೆರೆದು ಸ್ಮಾರ್ಟ್ ಡೇಟಾ (ಡಿಸ್ಕಿನ ಆರೋಗ್ಯದ ವರದಿ) ನೋಡಿ. ‘ರೀಅಲೊಕೇಟೆಡ್ ಸೆಕ್ಟರ್’ ಅಂಕಿ ಏರುತ್ತಾ ಹೋಗುತ್ತಿದ್ದರೆ, ಅಥವಾ ‘ಸುಡೋ ಡಿಮೆಸ್ಗ್’ (ಡಿ, ಎಂ, ಇ, ಎಸ್, ಜಿ) ಕೊಟ್ಟಾಗ ‘ಐ/ಒ ಎರರ್’ ಸಾಲುಗಳು ಕಂಡರೆ, ರಿಪೇರಿ ಪಕ್ಕಕ್ಕಿಡಿ. ಮೊದಲು ಫೈಲ್‌ಗಳನ್ನು ಬೇರೆಡೆಗೆ ಸಾಗಿಸಿ. ಸಾಯುತ್ತಿರುವ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ ಓಡಿಸುವುದು ಅದರ ಸಾವನ್ನು ಬೇಗ ಮಾಡಿದಂತೆ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ತೊಂದರೆ ಬೇರೆ. ಪ್ಯಾಕೇಜ್ ಅರ್ಧ ಕೂತಿರುತ್ತದೆ. ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ, ಆಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ -ಎಫ್’. ಡೆಸ್ಕ್‌ಟಾಪ್‌ವರೆಗೆ ಹೋಗಲೇ ಆಗದಿದ್ದರೆ ರಿಕವರಿ ಮೆನುವಿನಲ್ಲಿ ‘ಡಿಪಿಕೆಜಿ’ ಅನ್ನುವ ಸಾಲೇ ಇದೆ, ಅದನ್ನು ಆರಿಸಿ. ‘ಲಾಕ್ ಸಿಗಲಿಲ್ಲ’ ಅನ್ನುವ ಸಂದೇಶ ಮಾತ್ರ ದೋಷವಲ್ಲ. ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟ್ ನಡೆಯುತ್ತಿರುತ್ತದೆ, ಕಾಯಿರಿ. ಲಾಕ್ ಫೈಲ್ ಅಳಿಸಿ ಅಂತ ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಯನ್ನು ಮೊದಲ ನಿಮಿಷಕ್ಕೇ ಪಾಲಿಸಿದರೆ ಇಲ್ಲದ ತೊಂದರೆ ತಂದುಕೊಂಡಂತೆ.

ಕರೆಂಟ್ ಹೋದಾಗಲೆಲ್ಲ ತಾರೀಖು ಹಳೇ ವರ್ಷಕ್ಕೆ ಹೋಗುತ್ತಿದೆಯೇ? ಬ್ರೌಸರ್ ಯಾವ ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಅನ್ನುತ್ತಿದೆಯೇ? ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ತಾರೀಖು ತಪ್ಪಿದ್ದರೆ ಸೈಟ್‌ಗಳ ಸರ್ಟಿಫಿಕೇಟ್ ಅವಧಿ ತಾಳೆಯಾಗುವುದಿಲ್ಲ, ಅದಕ್ಕೇ ಆ ಸಂದೇಶ.

ಪಾಸ್‌ವರ್ಡ್ ಸರಿ ಇದೆ, ಒಳಗೆ ಬಿಡುತ್ತಿಲ್ಲ

ಪಾಸ್‌ವರ್ಡ್ ಹೊಡೆಯುತ್ತೀರಿ, ಪರದೆ ಒಮ್ಮೆ ಮಿಟುಕಿಸಿ ಮತ್ತೆ ಲಾಗಿನ್‌ಗೇ ಬರುತ್ತದೆ. ತಪ್ಪು ಪಾಸ್‌ವರ್ಡ್ ಅಂತಲೂ ಹೇಳುವುದಿಲ್ಲ. ಮೊದಲು ಅನುಮಾನಿಸಬೇಕಾದ್ದು ಡಿಸ್ಕ್ ತುಂಬಿರುವುದನ್ನು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಲಾಗಿನ್ ಆಗಿ ‘ಡಿಎಫ್ -ಎಚ್’ ಕೊಡಿ. ಬರೀ ಓರೆಗೆರೆ ಇರುವ ಸಾಲಿನಲ್ಲಿ 100% ಅಂತ ಇದ್ದರೆ ಕಳ್ಳ ಸಿಕ್ಕ. ಡೆಸ್ಕ್‌ಟಾಪ್‌ಗೆ ಏಳಲು ಸಣ್ಣ ಪುಟ್ಟ ಫೈಲ್ ಬರೆಯಬೇಕು, ಜಾಗವಿಲ್ಲ. ಕಪ್ಪು ಪರದೆಯಲ್ಲಿ ಸುಡೋ ಹಾಕಿ ಕೆಲಸ ಮಾಡಲು ಆಗುವುದಕ್ಕೂ ಕಾರಣವಿದೆ: ಇಎಕ್ಸ್‌ಟಿ4 ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆ (ಪೂರ್ತಿ ಅಧಿಕಾರದ ಖಾತೆ) ಅಂತ ಎತ್ತಿಟ್ಟಿರುತ್ತದೆ.

ಜಾಗ ಮಾಡಲು ಈ ಕ್ರಮದಲ್ಲಿ ಹೋಗಿ:

1. ‘ಸುಡೋ ಆಪ್ಟ್ ಕ್ಲೀನ್’. ಇಳಿಸಿಕೊಂಡ ಪ್ಯಾಕೇಜ್‌ಗಳ ಮೂಟೆ ಹೋಗುತ್ತದೆ.
2. ‘ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್’. ಹಳೇ ಕರ್ನಲ್‌ಗಳು ಹೋಗುತ್ತವೆ. ‘/ಬೂಟ್’ ತುಂಬಿದೆ ಅಂತ ಅಪ್‌ಡೇಟ್ ನಿಂತಿದ್ದರೂ ಮದ್ದು ಇದೇ.
3. ‘ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’, ಕೊನೆಯ ಎಂ ದೊಡ್ಡಕ್ಷರ. ಲಾಗ್ 200 ಎಂಬಿಗೆ ಇಳಿಯುತ್ತದೆ.

ಒಳಗೆ ಹೋದ ಮೇಲೆ ‘ಡಿಸ್ಕ್ ಯೂಸೇಜ್ ಅನಲೈಜರ್’ ತೆರೆದು ಯಾವ ಫೋಲ್ಡರ್ ಹೊಟ್ಟೆ ಬೆಳೆಸಿದೆ ನೋಡಿ. ಕಸದ ಬುಟ್ಟಿ ಖಾಲಿ ಮಾಡದೇ ವರ್ಷಗಟ್ಟಲೆ ಬಿಟ್ಟವರನ್ನು ಕಂಡಿದ್ದೇನೆ. ಮದುವೆ ವಿಡಿಯೋ ಎಡಿಟ್ ಮಾಡುವವರ ಮಷಿನ್ ಆದರಂತೂ ಮೊದಲು ಅಲ್ಲೇ ನೋಡಿ.

ಡಿಸ್ಕ್‌ನಲ್ಲಿ ಜಾಗ ಇದ್ದರೂ ಹೀಗಾದರೆ ‘ಎಕ್ಸ್ಅಥಾರಿಟಿ’ ಫೈಲ್ ರೂಟ್ ಪಾಲಾಗಿರಬಹುದು. ಸುಡೋ ಹಾಕಿ ಗ್ರಾಫಿಕ್ ಪ್ರೋಗ್ರಾಂ ತೆರೆದವರಿಗೆ ಬರುವ ತೊಂದರೆ ಇದು. ಕಪ್ಪು ಲಾಗಿನ್‌ನಲ್ಲಿ ‘ಸುಡೋ ಆರ್‌ಎಂ .ಎಕ್ಸ್ಅಥಾರಿಟಿ’ ಕೊಡಿ. ಮೊದಲು ಚುಕ್ಕೆ, ಆಮೇಲೆ ದೊಡ್ಡಕ್ಷರದ ಎಕ್ಸ್. ಮುಂದಿನ ಲಾಗಿನ್‌ನಲ್ಲಿ ಅದು ಹೊಸದಾಗಿ ಹುಟ್ಟುತ್ತದೆ.

ಲೋಗೋ ಆದ ಮೇಲೆ ಪರದೆ ಕಪ್ಪು

ಎನ್‌ವಿಡಿಯಾ ಕಾರ್ಡ್ ಇರುವ ಮಷಿನ್‌ಗಳಲ್ಲಿ ಇದು ಹೆಚ್ಚು. ಗ್ರಬ್ ಮೆನುವಿನಲ್ಲಿ ಮೊದಲ ಸಾಲಿನ ಮೇಲೆ ನಿಂತು ‘ಇ’ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ‘ಕ್ವಾಯಟ್ ಸ್ಪ್ಲ್ಯಾಶ್’ ಅಂತ ಇರುತ್ತದೆ. ಅದರ ಮುಂದೆ ಒಂದು ಸ್ಪೇಸ್ ಬಿಟ್ಟು ‘ನೋಮೋಡ್‌ಸೆಟ್’ (ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ) ಸೇರಿಸಿ ಎಫ್10 ಒತ್ತಿ. ಪರದೆ ಒರಟಾಗಿ ಕಂಡರೂ ಬರುತ್ತದೆ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಹಾಗಾಗಿ ಹೆದರಬೇಡಿ. ಒಳಗೆ ಹೋಗಿ ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆದು, ಶಿಫಾರಸು ಅಂತ ಗುರುತು ಇರುವ ಡ್ರೈವರ್ ಹಾಕಿ.

ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟ್‌ಗೆ (ಸಹಿ ಇಲ್ಲದ ಪ್ರೋಗ್ರಾಂ ತಡೆಯುವ ಕಾವಲು) ಅಂತ ಒಂದು ಪಾಸ್‌ವರ್ಡ್ ಕೇಳಿದರೆ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಬಹಳ ಜನ ಗಾಬರಿಯಲ್ಲಿ ‘ಕಂಟಿನ್ಯೂ’ ಒತ್ತಿಬಿಡುತ್ತಾರೆ. ಆಗ ಡ್ರೈವರ್ ಇದ್ದೂ ಇಲ್ಲದಂತೆ.

ವಿಂಡೋಸ್ ಜೊತೆ ಒಂದೇ ಮನೆಯಲ್ಲಿ

ಎರಡೂ ಸಿಸ್ಟಂ ಇಟ್ಟುಕೊಂಡವರ ಮೊದಲ ದೂರು ಗಡಿಯಾರದ್ದು. ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದೆ. ಮದರ್‌ಬೋರ್ಡ್ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಅಂತರರಾಷ್ಟ್ರೀಯ ಮೂಲ ಸಮಯ) ಅಂತ ಓದುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ನಮ್ಮ ಸಮಯ ಯುಟಿಸಿಗಿಂತ 5.30 ಗಂಟೆ ಮುಂದೆ, ಅದೇ ವ್ಯತ್ಯಾಸ. ಲಿನಕ್ಸ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟರೆ ಜಗಳ ಮುಗಿಯುತ್ತದೆ.

ಎರಡನೆಯದು, ಡಿ ಡ್ರೈವ್ ತೆರೆಯುತ್ತದೆ, ಆದರೆ ಏನೂ ಸೇವ್ ಆಗುವುದಿಲ್ಲ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಇದಕ್ಕೆ ಕಾರಣ. ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗಿರುವುದಿಲ್ಲ, ಡಿಸ್ಕ್ ಮೇಲೆ ಹಿಡಿತ ಇಟ್ಟುಕೊಂಡಿರುತ್ತದೆ. ವಿಂಡೋಸ್‌ಗೆ ಹೋಗಿ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿ ಪೂರ್ತಿ ಶಟ್‌ಡೌನ್ ಕೊಡಿ. ಲಿನಕ್ಸ್ ಕಡೆಯಿಂದ ಒತ್ತಾಯವಾಗಿ ಬರೆಯಲು ಹೋಗಬೇಡಿ.

ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಮಾಯವಾದರೆ ಅದು ಅಳಿಸಿಹೋಗಿಲ್ಲ. ಬಯಾಸ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಉಬುಂಟುವನ್ನು ಮೇಲೆ ತನ್ನಿ. ಉಲ್ಟಾ, ಗ್ರಬ್‌ನಲ್ಲಿ ವಿಂಡೋಸ್ ಕಾಣದಿದ್ದರೆ: ಗ್ರಬ್ 2.06ರಿಂದ ಬೇರೆ ಸಿಸ್ಟಂ ಹುಡುಕುವ ಕೆಲಸ ಮೂಲದಲ್ಲೇ ಆಫ್ ಆಗಿದೆ. ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲ್‌ಗೆ, ಎಲ್ಲ ದೊಡ್ಡಕ್ಷರದಲ್ಲಿ, ‘ಗ್ರಬ್_ಡಿಸೇಬಲ್_ಒಎಸ್_ಪ್ರೋಬರ್’ ಅಂತ ಬರೆದು, ಸಮ ಚಿಹ್ನೆ ಹಾಕಿ, ಸಣ್ಣಕ್ಷರದಲ್ಲಿ ‘ಫಾಲ್ಸ್’ ಅಂತ ಸೇರಿಸಿ. ಆಮೇಲೆ ‘ಸುಡೋ ಅಪ್‌ಡೇಟ್-ಗ್ರಬ್’.

ವೈಫೈ ಇಲ್ಲ, ಇಂಟರ್‌ನೆಟ್ ಇಲ್ಲದೆ ಡ್ರೈವರ್ ಹೇಗೆ?

ಮೊಬೈಲಿಗೆ ಯುಎಸ್‌ಬಿ ಕೇಬಲ್ ಹಾಕಿ, ಹಾಟ್‌ಸ್ಪಾಟ್ ಸೆಟಿಂಗ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ನೆಟ್‌ವರ್ಕ್ ಅಂತ ಹಿಡಿದುಕೊಳ್ಳುತ್ತದೆ. ಈ ಒಂದು ಉಪಾಯ ಗೊತ್ತಿದ್ದರೆ ಮುಕ್ಕಾಲು ಭಯ ಹೋಗುತ್ತದೆ. ಆಮೇಲೆ ಮೇಲೆ ಹೇಳಿದ ಡ್ರೈವರ್ ಪ್ರೋಗ್ರಾಂ ತೆರೆಯಿರಿ. ಬ್ರಾಡ್‌ಕಾಮ್ ಚಿಪ್ ಇದ್ದರೆ ಅಲ್ಲೇ ಸಿಗುತ್ತದೆ.

ಡ್ರೈವರ್ ಇದ್ದೂ ವೈಫೈ ಆನ್ ಆಗದಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಡಿ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಅಂದರೆ ಲ್ಯಾಪ್‌ಟಾಪ್‌ನ ಪಕ್ಕದ ಸ್ವಿಚ್ಚೋ ಎಫ್‌ಎನ್ ಕೀಲಿಯೋ ಒತ್ತಬೇಕು. ‘ಸಾಫ್ಟ್ ಬ್ಲಾಕ್ಡ್’ ಅಂದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಸಾಕು.

ಹ್ಯಾಂಗ್ ಆದಾಗ

ಸ್ವಿಚ್ ಒತ್ತಿ ಹಿಡಿದು ಆಫ್ ಮಾಡುವುದು ಕೊನೆಯ ದಾರಿ. ಮಿಂಟ್ ಸಿನಮನ್‌ನಲ್ಲಿ ಪ್ಯಾನಲ್ ಮಾತ್ರ ಸಿಕ್ಕಿಕೊಂಡಿದ್ದರೆ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒತ್ತಿ, ಡೆಸ್ಕ್‌ಟಾಪ್ ಹೊಸದಾಗಿ ಏಳುತ್ತದೆ, ತೆರೆದ ಕಿಟಕಿಗಳು ಹಾಗೇ ಇರುತ್ತವೆ. ಏನಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು, ಒಂದೊಂದು ಕ್ಷಣ ಬಿಟ್ಟು ಎಸ್, ಯು, ಬಿ ಒತ್ತಿ. ಎಸ್ ಬಾಕಿ ಬರಹವನ್ನು ಡಿಸ್ಕ್‌ಗೆ ಇಳಿಸುತ್ತದೆ, ಯು ಡಿಸ್ಕನ್ನು ಬರೆಯದಂತೆ ಬೀಗ ಹಾಕುತ್ತದೆ, ಬಿ ರೀಸ್ಟಾರ್ಟ್ ಮಾಡುತ್ತದೆ. ಇನ್ನೂ ಮೂರು ಸೇರಿಸಿ ಆರು ಅಕ್ಷರದ ಮಂತ್ರ ಅಂತ ಕೆಲವರು ಹೇಳುತ್ತಾರೆ. ಉಬುಂಟು ಮೊದಲೇ ಅನುಮತಿ ಕೊಟ್ಟಿರುವುದು ಈ ಮೂರಕ್ಕೆ, ಇಷ್ಟೇ ಸಾಕು.

ಪದೇ ಪದೇ ಹ್ಯಾಂಗ್ ಅಂದರೆ ‘ಫ್ರೀ -ಎಚ್’ ಕೊಟ್ಟು ‘ಅವೈಲಬಲ್’ ಕಾಲಂ ನೋಡಿ. ‘ಫ್ರೀ’ ಕಾಲಂ ನೋಡಿ ಹೌಹಾರಬೇಡಿ, ಖಾಲಿ ರ‍್ಯಾಮನ್ನು ಲಿನಕ್ಸ್ ಕ್ಯಾಶ್‌ಗೆ ಬಳಸಿಕೊಳ್ಳುವುದು ಸಹಜ. 4 ಜಿಬಿ ಮಷಿನ್‌ನಲ್ಲಿ ಬ್ರೌಸರ್ ಟ್ಯಾಬ್‌ಗಳನ್ನು ಸಾಲಾಗಿ ತೆರೆದಿಟ್ಟರೆ ಯಾವ ಸಿಸ್ಟಂ ಆದರೂ ಏದುಸಿರು ಬಿಡುತ್ತದೆ. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಂಥವಕ್ಕೆ ಹಗುರ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಹೀಗಾಗುತ್ತಿದ್ದರೆ ‘ಸೆನ್ಸರ್ಸ್’ ಕಮಾಂಡ್‌ನಲ್ಲಿ ಪ್ರೊಸೆಸರ್ ಬಿಸಿ ನೋಡಿ. ಅದು ಇಲ್ಲದಿದ್ದರೆ ‘ಎಲ್‌ಎಂ-ಸೆನ್ಸರ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ಚಳ್ಳಕೆರೆ, ಹಿರಿಯೂರು ಕಡೆಯ ಒಣ ಧೂಳು ಫ್ಯಾನ್ ರೆಕ್ಕೆಗೆ ಮೆತ್ತಿಕೊಂಡಿದ್ದರೆ ಸಾಫ್ಟ್‌ವೇರ್ ಏನೂ ಮಾಡಲಾರದು, ಬ್ರಷ್ ಹಿಡಿಯಿರಿ.

ಸದ್ದು ಇಲ್ಲದಿದ್ದರೆ ಹೆಚ್ಚಾಗಿ ಅದು ಎಚ್‌ಡಿಎಂಐ ಕಡೆಗೆ ಹೋಗಿರುತ್ತದೆ. ಸೌಂಡ್ ಸೆಟಿಂಗ್‌ನಲ್ಲಿ ಔಟ್‌ಪುಟ್ ಬದಲಿಸಿ, ಮುಗಿಯಿತು.

ಪ್ರಿಂಟರ್

ಒಮ್ಮೆ ಪೇಪರ್ ಸಿಕ್ಕಿಕೊಂಡರೂ ಕ್ಯೂ ನಿಂತುಬಿಡುವುದುಂಟು. ಪೇಪರ್ ತೆಗೆದರೂ ಅದು ತಾನಾಗಿ ಶುರುವಾಗುವುದಿಲ್ಲ. ಬ್ರೌಸರ್‌ನಲ್ಲಿ ‘ಲೋಕಲ್‌ಹೋಸ್ಟ್:631’ ತೆರೆಯಿರಿ, ಪ್ರಿಂಟರ್ ಆರಿಸಿ ‘ರೆಸ್ಯೂಮ್’ ಕೊಡಿ. ಎಚ್‌ಪಿ ಲೇಸರ್‌ಜೆಟ್ 1020 ಇರುವವರಿಗೆ ಇನ್ನೊಂದು ವಿಷಯ: ಅದನ್ನು ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಫರ್ಮ್‌ವೇರ್ (ಪ್ರಿಂಟರ್ ಒಳಗೆ ಓಡುವ ಪ್ರೋಗ್ರಾಂ) ಕಳಿಸಬೇಕು. ಸಿಸ್ಟಂ ಅಪ್‌ಗ್ರೇಡ್ ಆಗಿ ಎಚ್‌ಪಿಲಿಪ್ (ಎಚ್‌ಪಿ ಪ್ರಿಂಟರ್‌ಗಳ ಡ್ರೈವರ್) ಆವೃತ್ತಿ ಬದಲಾದರೆ ಪ್ಲಗಿನ್ ಮತ್ತೆ ಹಾಕಬೇಕಾಗುತ್ತದೆ. ‘ಎಚ್‌ಪಿ-ಪ್ಲಗಿನ್’ ಕಮಾಂಡ್ ಕೊಟ್ಟರೆ ಸಾಕು. ಕ್ಯಾನನ್ ಎಲ್‌ಬಿಪಿ2900ಗೆ ಕ್ಯಾಪ್ಟ್ ಡ್ರೈವರ್ ಬೇಕು, ಕೂರಿಸುವುದು ಸ್ವಲ್ಪ ರಗಳೆ. ಅಂಗಡಿಗೆ ಹೊಸ ಪ್ರಿಂಟರ್ ಕೊಳ್ಳುವವರು ಲಿನಕ್ಸ್ ಬೆಂಬಲ ಕೇಳಿಯೇ ಕೊಳ್ಳಿ.

ಕನ್ನಡ ಅಕ್ಷರ ಮತ್ತು ನುಡಿ ಫೈಲ್

ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು ಲಿನಕ್ಸ್‌ಗೆ ಬರಲು ಹಿಂಜರಿಯುವುದು ಇದೊಂದಕ್ಕೇ. ಮೂರು ಬೇರೆ ತೊಂದರೆಗಳನ್ನು ಕಲಸಿಕೊಂಡಿರುತ್ತಾರೆ, ಬಿಡಿಸಿ ನೋಡೋಣ.

ಕನ್ನಡದ ಬದಲು ಚೌಕ ಡಬ್ಬಿಗಳು ಕಂಡರೆ ಫಾಂಟ್ ಇಲ್ಲ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಕೊಡಿ. ಲೋಹಿತ್, ಗುಬ್ಬಿ ಫಾಂಟ್‌ಗಳು ಬರುತ್ತವೆ.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಂಡರೆ ಅದು ಹಳೇ ನುಡಿ ಫೈಲ್. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ಫಾಂಟ್‌ಗಳು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫೈಲ್ ಹಾಳಾಗಿಲ್ಲ. ಓದಿ ಪ್ರಿಂಟ್ ತೆಗೆಯುವುದಷ್ಟೇ ಆದರೆ ಅದೇ ನುಡಿ ಫಾಂಟನ್ನು ನಿಮ್ಮ ಹೋಮ್ ಒಳಗಿನ ‘.ಲೋಕಲ್/ಶೇರ್/ಫಾಂಟ್ಸ್’ ಫೋಲ್ಡರ್‌ಗೆ ಹಾಕಿ ‘ಎಫ್‌ಸಿ-ಕ್ಯಾಶ್ -ಎಫ್’ ಕೊಡಿ. ಕ್ಯಾಶ್ ಅಂದರೆ ಸಿ, ಎ, ಸಿ, ಎಚ್, ಇ. ಮುಂದೆ ತಿದ್ದಬೇಕು, ವಾಟ್ಸಾಪ್‌ನಲ್ಲಿ ಕಳಿಸಬೇಕು, ಹುಡುಕಬೇಕು ಅಂದರೆ ಕನ್ವರ್ಟರ್‌ನಿಂದ ಯುನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಮದುವೆ ಪತ್ರಿಕೆಯಲ್ಲಿ ಹೆಸರು ತಪ್ಪಾದರೆ ಯಾರೂ ಕನ್ವರ್ಟರನ್ನು ಬೈಯುವುದಿಲ್ಲ, ನಿಮ್ಮನ್ನೇ ಬೈಯುತ್ತಾರೆ.

ಟೈಪಿಂಗ್‌ಗೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್’ ಹಾಕಿ, ಲಾಗೌಟ್ ಆಗಿ ಬನ್ನಿ. ಕೀಬೋರ್ಡ್ ಸೆಟಿಂಗ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಆರಿಸಿ. ನುಡಿಯಲ್ಲಿ ಬೆರಳು ಪಳಗಿದವರಿಗೆ ಕಷ್ಟವಾಗದು. ಲಿಬ್ರೆಆಫೀಸ್‌ನಲ್ಲಿ ಕನ್ನಡದ ಫಾಂಟ್ ಬದಲಾಗುತ್ತಿಲ್ಲ ಅಂದರೆ ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್‌ಗೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ನಲ್ಲಿ ಕನ್ನಡ ಆರಿಸಿ. ಕನ್ನಡಕ್ಕೆ ಅದು ಬೇರೆಯೇ ಫಾಂಟ್ ಲೆಕ್ಕ ಇಟ್ಟುಕೊಳ್ಳುತ್ತದೆ.

ಬೇರೆಯವರನ್ನು ಕೇಳುವ ಮುಂಚೆ

ಎಲ್ಲ ಸರಿ ಇರುವ ದಿನವೇ ಟೈಮ್‌ಶಿಫ್ಟ್ ತೆರೆದು ಸ್ನ್ಯಾಪ್‌ಶಾಟ್ (ಸಿಸ್ಟಂನ ಆ ಹೊತ್ತಿನ ನಕಲು) ತೆಗೆದಿಡಿ. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ. ಸಿಸ್ಟಂ ಏಳದಿದ್ದರೂ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಿಂದಿನ ಸ್ಥಿತಿಗೆ ತರಬಹುದು. ಒಂದು ನೆನಪಿರಲಿ, ನಿಮ್ಮ ಸ್ವಂತ ಫೋಟೋ, ಲೆಕ್ಕ, ಪತ್ರಗಳನ್ನು ಅದು ತಾನಾಗಿ ಉಳಿಸುವುದಿಲ್ಲ. ಅವಕ್ಕೆ ಬೇರೆ ಹಾರ್ಡ್‌ಡಿಸ್ಕ್ ಬೇಕು.

ಇಷ್ಟಾದರೂ ಬಗೆಹರಿಯದೆ ಗೊತ್ತಿರುವವರಿಗೆ ಫೋನ್ ಮಾಡುವುದಾದರೆ ಎರಡು ಕಮಾಂಡ್‌ನ ಫಲಿತಾಂಶ ಕಳಿಸಿ. ‘ಐಎನ್‌ಎಕ್ಸ್‌ಐ -ಎಫ್‌ಎಕ್ಸ್‌ಜೆಡ್’ ಮಷಿನ್‌ನ ಜಾತಕ ಕೊಡುತ್ತದೆ, ಎಫ್ ಮಾತ್ರ ದೊಡ್ಡಕ್ಷರ. ಉಬುಂಟುವಿನಲ್ಲಿ ಇದು ಇಲ್ಲದಿದ್ದರೆ ಆಪ್ಟ್‌ನಿಂದ ಹಾಕಿಕೊಳ್ಳಿ. ‘ಜರ್ನಲ್‌ಸಿಟಿಎಲ್ -ಬಿ -1 -ಪಿ 3’ ಹಿಂದಿನ ಸಲ ಆನ್ ಆಗಿದ್ದಾಗ ಬಂದ ದೋಷಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಕೆಂಪು ಸಾಲು ಕಂಡಿತು ಅಂತ ಗಾಬರಿ ಬೇಡ, ಚೆನ್ನಾಗಿ ನಡೆಯುವ ಮಷಿನ್‌ನಲ್ಲೂ ನಾಲ್ಕಾರು ಇರುತ್ತವೆ. ತೊಂದರೆ ಆದ ಸಮಯಕ್ಕೆ ತಾಳೆಯಾಗುವ ಸಾಲು ಯಾವುದು ಅಂತ ನೋಡಿ, ಅದನ್ನೇ ಮೊದಲು ಓದಿ ಹೇಳಿ.